ಸಬ್‌ಮೀಟರಿನ ರವಿವಾರಗಳು

ನಮ್ಮ ಬನಹಟ್ಟಿಯಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಆಗ ನನ್ನ ಮನೆಯೊಳಗೆ ಎಷ್ಟು ಕಡಿಮೆ ಸಪ್ಪಳವಿದೆ ಎಂಬುದು ನನಗೂ ತಿಳಿಯುತ್ತದೆ.

ಕೆಳಗೆ ನಾನೊಬ್ಬಳೇ. ಮದುವೆಯಾಗಲಿಲ್ಲ, ಏಕೆಂದು ಕೇಳುತ್ತಿದ್ದವರೂ ಈಗ ದಣಿದು ಬಿಟ್ಟಿದ್ದಾರೆ. ನೂಲಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಾಳಿಗೆಯ ಮೇಲಿನ ಎರಡು ಕೋಣೆಗಳನ್ನು ಬೀಳಗಿ ಕಡೆಯ ಒಬ್ಬ ನರ್ಸಿಗೆ ಬಾಡಿಗೆ ಕೊಟ್ಟಿದ್ದೇನೆ. ಅವಳ ಪಾಳಿ ವಾರಕ್ಕೊಂದು ತರಹ. ಅವಳು ಬಂದಾಗ ನಾನು ಅಂಗಡಿಯಲ್ಲಿ, ನಾನು ಬಂದಾಗ ಅವಳು ದವಾಖಾನೆಯಲ್ಲಿ. ಬಾಡಿಗೆಯನ್ನೂ ಫೋನಿನಲ್ಲೇ ಹಾಕಿಬಿಡುತ್ತಾಳೆ.

ಕರೆಂಟಿನ ಲೆಕ್ಕ ಮಾತ್ರ ಹಾಗೆ ಮುಗಿಯುತ್ತಿರಲಿಲ್ಲ. ಇಡೀ ಮನೆಗೆ ಬಾಗಿಲ ಬಳಿ ಒಂದೇ ಮೀಟರು. ಅವಳ ಕೋಣೆಗಳ ಬಳಕೆ ಅಳೆಯಲು ಮೆಟ್ಟಿಲ ತುದಿಯಲ್ಲೊಂದು ಸಬ್‌ಮೀಟರು. ಬಿಲ್ಲು ಬಂದ ಮೇಲಿನ ರವಿವಾರ ಇಬ್ಬರೂ ಕೂಡುತ್ತಿದ್ದೆವು. ಅವಳು ಕುರ್ಚಿ ಹತ್ತಿ ಅಂಕಿ ಓದಬೇಕು, ನಾನು ಅದರಿಂದ ಹೋದ ತಿಂಗಳಿನ ಅಂಕಿ ಕಳೆಯಬೇಕು. ಉಳಿದದ್ದು ಅವಳ ಯೂನಿಟ್ಟು. ಬಿಲ್ಲಿನ ಒಟ್ಟು ಯೂನಿಟ್ಟಿನಿಂದ ಅದನ್ನು ತೆಗೆದರೆ ನನ್ನದು. ಅಷ್ಟಕ್ಕೇ ಬಿಟ್ಟರೆ ನಾನೆಂಥ ಲೆಕ್ಕದವಳು? ನೀರಿನ ಮೋಟಾರು ನನ್ನ ಕಡೆಯಿಂದ ಓಡುತ್ತದೆ, ನೀರು ಇಬ್ಬರಿಗೂ ಏರುತ್ತದೆ. ಮೋಟಾರಿನ ವ್ಯಾಟನ್ನು ಓಡಿದ ತಾಸಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿ, ಬಂದ ಯೂನಿಟ್ಟನ್ನು ಅರ್ಧ ಮಾಡಬೇಕು. ಇನ್ನು ಮೆಟ್ಟಿಲ ಬಲ್ಬಿಗಂತೂ ತಿಂಗಳಿಗೊಂದು ಜಗಳ.

“ಅಕ್ಕಾರ, ಆ ಬಲ್ಬ್ ನಾ ಹಚ್ಚೂದ ಇಲ್ರೀ. ಮೊಬೈಲ್ ಬೆಳಕ ಹಿಡಕೊಂಡ ಹತ್ತತೇನಿ.”

“ಹಂಗಾರ ಅದನ್ನ ದೆವ್ವ ಬಂದ ಹಚ್ಚತೈತೇನವಾ?”

ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಚಹಾ ಆಗುತ್ತಿತ್ತು, ಚೂಡಾ ಆಗುತ್ತಿತ್ತು, ದವಾಖಾನೆಯ ಸುದ್ದಿಯೆಲ್ಲ ಆಗುತ್ತಿತ್ತು. ಎರಡು ಮೂರು ರೂಪಾಯಿಯ ವಾದವನ್ನು ನಾನು ಮಧ್ಯಾಹ್ನದವರೆಗೂ ಎಳೆಯುತ್ತಿದ್ದೆ.

ಆಮೇಲೆ ಸರಕಾರ ಮನೆಗಳಿಗೆ ಕರೆಂಟು ಪುಕ್ಕಟೆ ಮಾಡಿತು. ಹಿಂದಿನ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೆವೋ ಅಷ್ಟು, ಅದರ ಮೇಲೆ ಇನ್ನೊಂದಿಷ್ಟು. ನಾವಿಬ್ಬರೂ ಕೈ ಬಿಗಿ ಹಿಡಿಯುವವರು, ಮಿತಿಯೊಳಗೇ ಉಳಿದೆವು. ಬಿಲ್ಲು ಸೊನ್ನೆ ಬಂತು. ಓಣಿಯೆಲ್ಲ ಖುಷಿಪಟ್ಟಿತು, ನಾನೂ ಪಟ್ಟೆ. ಆ ರವಿವಾರ ಚಹಾಕ್ಕೆ ಹೆಚ್ಚು ಹಾಲು ತಂದಿಟ್ಟು ಕಾದೆ. ಅವಳು ಮೆಟ್ಟಿಲಿಳಿಯುತ್ತಲೇ, “ಸೊನ್ನಿ ಬಂದೈತಲ್ರಿ ಅಕ್ಕಾರ, ಇನ್ನ ಲೆಕ್ಕ ಯಾತರದು?” ಎಂದು ನಗುತ್ತ ಚಪ್ಪಲಿ ಮೆಟ್ಟಿ ಹೋದಳು. ಹಾಲಿಗೆ ಹೆಪ್ಪು ಹಾಕಿದೆ.

ಸುಮ್ಮನೆ ಬಾ ಎಂದು ಕರೆಯಬಹುದಿತ್ತು. ಆದರೆ ಕೆಲಸವಿಲ್ಲದೆ ಒಬ್ಬರನ್ನು ಕರೆಯುವುದು ನನಗೆ ಬರುವುದಿಲ್ಲ. ನನ್ನದು ಮೊದಲಿನಿಂದಲೂ ಒರಟು ಬಾಯಿ. ಅದರಿಂದ ಜಗಳ ಹೊರಡುತ್ತದೆ, ಕರೆ ಹೊರಡುವುದಿಲ್ಲ. ತಿಂಗಳ ಮೇಲೆ ತಿಂಗಳು ಸೊನ್ನೆ ಬರುತ್ತ ಹೋಯಿತು. ಒಂಟಿತನ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಆದರೆ ನನಗಾಗಿದ್ದು ಅದೇ.

ಹೋದ ಚಳಿಗಾಲದಲ್ಲಿ ಒಂದು ದಿನ ಗೀಜರ್ ಹಚ್ಚಿ ಮರೆತೆ. ಮರುದಿನದಿಂದ ಮರೆಯಲಿಲ್ಲ, ಬೇಕೆಂದೇ ಹಚ್ಚಿದೆ. ಎರಡು ಸಾವಿರ ವ್ಯಾಟಿನದು. ಅರ್ಧ ತಾಸು ಉರಿದರೆ ಒಂದು ಯೂನಿಟ್ಟು. ದಿನಕ್ಕೆ ಎಷ್ಟು ಬಿಸಿನೀರು ಮೋರಿಗೆ ಬಿಟ್ಟರೆ ಮಿತಿ ದಾಟುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಲಿಲ್ಲ, ಬಿಲ್ಲಿನಲ್ಲಿ ರೂಪಾಯಿ ಕಾಣಿಸಿತು. ನಾನೇ ಮೆಟ್ಟಿಲು ಹತ್ತಿ ಹೋಗಿ, “ಬಿಲ್ ಬಂದೈತಿ ನೋಡವಾ,” ಎಂದೆ.

ಅವಳು ಕುರ್ಚಿ ಹತ್ತಿ ಓದಿದಳು, ಈ ಸಲ ಕಳೆಯುವ ಲೆಕ್ಕವನ್ನೂ ಅವಳೇ ಮಾಡಿದಳು. “ನನ್ನ ಯೂನಿಟ್ ಮೊದಲಿನಷ್ಟ ಅದಾವ್ರಿ. ಎಲ್ಲಾ ನಿಮ್ಮ ಕಡೇನ ಏರ್ಯಾವ. ಬಿಸಿನೀರ ಭಾಳ ಬೇಕಾಗಾಕತ್ತಾವೇನ್ರಿ? ಮೊಣಕಾಲ ನೋವೇನ್ರಿ?”

“ಹೂಂ,” ಎಂದೆ. ಅವಳು ಎದುರಿಗೆ ಕೂತು ನನ್ನ ಮೊಣಕಾಲನ್ನು ಒತ್ತಿ ಒತ್ತಿ ನೋಡಿದಳು. ಯಾರಾದರೂ ನನ್ನ ಮೈ ಮುಟ್ಟಿ ಎಷ್ಟು ದಿನವಾಗಿತ್ತೋ. ಚಹಾ ಕುಡಿದೆವು, ಬಲ್ಬಿನ ಜಗಳವನ್ನೂ ಆಡಿದೆವು. ಆ ದಿನ ನನಗೆ ಹಬ್ಬ.

ಮುಂದಿನ ವಾರ ಕರೆಯದೇ ಇಳಿದು ಬಂದಳು. ನನ್ನ ಎದೆ ಹಿಗ್ಗಿತು. ಅವಳ ಕೈಯಲ್ಲೊಂದು ಅರ್ಜಿ ಇತ್ತು.

“ಅಕ್ಕಾರ, ಮನಿಗೆ ಸಿಗೋ ಪುಕ್ಕಟಿ ಯೂನಿಟ್‌ನ್ಯಾಗ ಅರ್ಧಾ ನಾನ ತಿನ್ನಾಕತ್ತೇನಿ. ನಿಮಗ ಬಿಸಿನೀರಿಗೂ ಸಾಲವಲ್ದು. ನಾ ಬ್ಯಾರೆ ಮೀಟರ್ ಹಾಕಿಸ್ಕೋತೇನ್ರಿ, ಮನಿ ಮಾಲಕರದೊಂದು ಸಹಿ ಬೇಕಂತ. ಮೋಟಾರಿಂದು, ಬಲ್ಬಿಂದು ಬಾಡಗಿ ಜೋಡಿನ ಹಾಕತೇನಿ. ಇನ್ನ ನಿಮಗ ತಿಂಗಳಾ ಈ ಕಾಟ ಇಲ್ರಿ.”

ಅವಳ ಮುಖದ ತುಂಬ ನನ್ನ ಬಗೆಗಿನ ಅಕ್ಕರೆಯೇ ಇತ್ತು. ನೀನು ಬರಲೆಂದು ನೀರು ಚೆಲ್ಲಿದೆ ತಂಗಿ ಎಂದು ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. “ಛಲೋ ಆತ ಬಿಡವಾ,” ಎಂದು ಪೆನ್ನು ಕೇಳಿದೆ. ಸಹಿ ಮಾಡಿ ಕಾಗದ ಕೊಟ್ಟ ಮೇಲೂ ಅವಳು ಸ್ವಲ್ಪ ಹೊತ್ತು ನಿಂತೇ ಇದ್ದಳು. ಕೂಡ್ರು ಎಂಬ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.