ಹನ್ನೊಂದು ಕಾಲದೋಷಗಳ ಪ್ರೇಮಕಥೆ

ಅಳುವುದು ಮೊದಲು, ಪರಿಚಯವಾಗುವುದು ಆಮೇಲೆ. ಇಂಥ ಪ್ರೇಮವನ್ನು ನೀವೆಲ್ಲಾದರೂ ಕಂಡಿದ್ದೀರಾ? ಕಳೆದ ಭಾನುವಾರ ನಾನು ಕಂಡೆ.

ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಓದುವ ಮೊಮ್ಮಗಳು ಸ್ನೇಹಾ, ಗೋಕಾಕದ ನಮ್ಮ ಮನೆಗೆ ಬಂದವಳು ಜಪಾನಿನ ಚಿತ್ರಕಥೆಯೊಂದನ್ನು ಕೈಗಿತ್ತಳು. ಮಾಂಗಾ ಎನ್ನುತ್ತಾರಂತೆ. ಮೊದಲ ಪ್ರೇಮ ಕಳೆದುಕೊಂಡ ಹುಡುಗನೊಬ್ಬ ಆ ಹುಡುಗಿಯನ್ನು ಮರೆಯಲು ಪಡುವ ಪಾಡು.

"ಓದಿ ನೋಡಜ್ಜಾ, ಅಳು ಬರತೈತಿ."

ನನಗೆ ಅಳು ಬರಲಿಲ್ಲ, ಅನುಮಾನ ಬಂತು. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದವನು ನಾನು. (ನಿವೃತ್ತಿ ಸಂಬಳಕ್ಕೆ, ಸಂಶಯಕ್ಕಲ್ಲ.) ಅಂದು ಬೆಳಿಗ್ಗೆ ನನ್ನ ಹೆಂಡತಿ ಶಾಂತಾ, "ಇವತ್ತ ಏನ ದಿನ ಐತಿ, ಹೇಳ್ರಿ ನೋಡೂಣು?" ಎಂದು ಕೇಳಿದಾಗಲೂ ಎರಡು ಪಂಚಾಂಗಗಳನ್ನು ಹೋಲಿಸಿ, ತಿಥಿ ನಕ್ಷತ್ರ ಸಹಿತ ಉತ್ತರಿಸಿದ್ದೆ. ಆಕೆ ಏಕೋ ದಡದಡನೆ ಒಳಗೆ ಹೋಗಿ ಹೋಳಿಗೆಗೆ ಬೇಳೆ ಬೇಯಲಿಟ್ಟಳು.

ಸಂಜೆ ಸ್ನೇಹಾಳ ಮುಂದೆ ನನ್ನ ಟಿಪ್ಪಣಿ ಮಂಡಿಸಿದೆ. ಕಥೆಯಲ್ಲಿ ಹನ್ನೊಂದು ದೋಷಗಳು! ಆರಂಭದಲ್ಲಿ ಗಡ್ಡವಿದ್ದ ನಾಯಕನಿಗೆ ಕೊನೆಯಲ್ಲಿ ಮೀಸೆಯೂ ಮೂಡಿಲ್ಲ. ಹುಡುಗಿಯ ಕಳೆದುಹೋದ ಛತ್ರಿ ಮತ್ತೆ ಅವನ ಕೈಯಲ್ಲಿ. ಅಗಲಿಕೆಗೆ ಅತ್ತಾದ ಮೇಲೆ ಹುಡುಗಿಯ ಹೆಸರು ಕೇಳುತ್ತಾನೆ!

ಸ್ನೇಹಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಾ, ಮಾಂಗಾ ಬಲಗಡೆಯಿಂದ ಓದಬೇಕು! ನೀ ಕಡೀ ಪುಟದಿಂದ ಶುರು ಮಾಡೀದಿ!"

(ಪುಟಸಂಖ್ಯೆಗಳು ಇಳಿಯುತ್ತ ಹೋದುದನ್ನು ಮುದ್ರಣದೋಷವೆಂದು ಹನ್ನೊಂದನೆಯದಾಗಿ ದಾಖಲಿಸಿದ್ದೆ.)

ಸೋತ ವಿದ್ವಾಂಸ ಸುಮ್ಮನಿರುತ್ತಾನೆಯೆ?

"ಆತು. ಆದ್ರೂ ಇಷ್ಟ ವರ್ಷದ ಮ್ಯಾಲೆ ಆಕೀ ಛತ್ರಿ ಬಣ್ಣ ಇಂವಗ ಹೆಂಗ ನೆನಪಿರತೈತಿ? ಮನಷ್ಯಾ ಮರೀತಾನವಾ. ನನ್ನ ನೋಡು. ಕಾಲೇಜಿನ್ಯಾಗ ಕುಲಗೋಡದ ಹುಡುಗಿ ಒಬ್ಬಾಕಿ ಇದ್ಲು. ಕಡೀ ಸಲ ಕಂಡಿದ್ದು ಬುಧವಾರ. ಐದೂ ಹತ್ತರ ಬಸ್ಸು, ಡ್ರೈವರನ ಹಿಂದ ಮೂರನೇ ಕಿಟಕಿ, ನೀಲಿ ರಿಬ್ಬನ್, ಕೈಯಾಗ ಅರ್ಧಾ ತಿಂದ ಕರದಂಟು. ಈಗ ಏನರ ನೆನಪೈತೇನು? ಏನೂ ಇಲ್ಲ!"

ಅಡುಗೆಮನೆಯಲ್ಲಿ ಲಟ್ಟಣಿಗೆಯ ಸದ್ದು ನಿಂತಿತು. ಶಾಂತಾ ಅದರ ಸಮೇತ ಹೊರಗೆ ಬಂದಳು.

"ಬುಧವಾರ ಅಂತ ಯಾವ ಪಂಚಾಂಗ ನೋಡಿ ಹೇಳಿದ್ರಿ?"

"ಪಂಚಾಂಗ ಯಾಕ? ಖರೇನ ಬುಧವಾರ," ಎಂದುಬಿಟ್ಟೆ.

"ಹೌದಾ? ಹಂಗಾರ ಹುಕ್ಕೇರ್ಯಾಗ ನಮ್ಮ ಲಗ್ನ ಆಗಿದ್ದು ಯಾವ ತಾರೀಖಿಗೆ? ಅದನ್ನೂ ಹೇಳ್ರಿ."

ನಾನು ಎದ್ದು ಕಪಾಟಿನತ್ತ ನಡೆದೆ. ಲಗ್ನಪತ್ರಿಕೆ ಅಲ್ಲಿದೆ, ಮೂಲ ಆಕರವನ್ನು ನೋಡದೆ ನಾನು ಯಾವ ತಾರೀಖನ್ನೂ ಹೇಳುವವನಲ್ಲ.

"ಅಜ್ಜಾ," ಸ್ನೇಹಾ ಪಿಸುಗುಟ್ಟಿದಳು, "ಇವತ್ತ!"

ತಡವಾಗಿತ್ತು. ಹೋಳಿಗೆ ಸ್ನೇಹಾಳ ತಾಟಿಗೆ ಬಿತ್ತು, ನನ್ನ ತಾಟು ಬರಿದೇ ಉಳಿಯಿತು.

"ನಿಮಗ ಹೋಳಿಗಿ ಬೇಕಂದ್ರ ಐದೂ ಹತ್ತರ ಬಸ್ ಹಿಡೀರಿ. ಕುಲಗೋಡದಾಗ ಕೊಡ್ತಾರ!"

ಓದುಗ ಮಹಾಶಯರೇ, ಆ ಬಸ್ಸು ಈಗಲೂ ಐದೂ ಹತ್ತಕ್ಕೇ ಹೊರಡುತ್ತದೆಯೆ? ಯಾರಾದರೂ ಪರಿಶೀಲಿಸಿ ತಿಳಿಸುವಿರಾ?