ಗುಗ್ಗರಿಯಲ್ಲಿ ಬಿದ್ದ ಬಿಳಿ ಕಾಳು

ನಾನು ಪುಕ್ಕಲಿಯಲ್ಲ. ಹಾವು, ಚೇಳು, ಪರೀಕ್ಷೆ ಯಾವುದಕ್ಕೂ ಅಂಜಿದವಳಲ್ಲ. ಆದರೆ ಇವತ್ತಿಗೂ ಯಾರಾದರೂ ಬಿಸಿ ಗುಗ್ಗರಿ ತಂದುಕೊಟ್ಟರೆ ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿ ನೋಡಿಯೇ ಬಾಯಿಗೆ ಹಾಕಿಕೊಳ್ಳುತ್ತೇನೆ. ನೋಡಿದವರು ನಗುತ್ತಾರೆ. ನಗಲಿ.

ಎಪ್ಪತ್ತರ ದಶಕದ ನಡುವಿನ ಮಾತು. ಬಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರ ನಮ್ಮ ಮನೆ. ನಾನು ಬಿ.ಎಸ್‌ಸಿ. ಎರಡನೇ ವರ್ಷ. ಸಸ್ಯಶಾಸ್ತ್ರದ ಪರೀಕ್ಷೆಗೆ ಒಬ್ಬೊಬ್ಬರೂ ಒಂದೊಂದು ಸಸ್ಯಬಳಗದ ಎಲೆ, ಹೂ, ಬೀಜ ಕೂಡಿಸಿ ಒಪ್ಪಿಸಬೇಕಿತ್ತು. ನನಗೆ ಬಂದದ್ದು ಅವರೆ ಬಳಗ. ಅಡುಗೆಮನೆಯ ಕಾಳು ಓದಲು ಕಾಲೇಜು ಯಾಕೆ ಎಂದು ಮೊದಲು ಮುಖ ಸಿಂಡರಿಸಿದೆ. ಟಿಕೋಟಾದಲ್ಲಿ, ಅಕ್ಕನ ಗಂಡನ ಹೊಲದಲ್ಲಿ ಒಂದು ತೊಗರಿ ಹೂವನ್ನು ಬಿಡಿಸಿ ನೋಡಿದ ದಿನ ಹುಚ್ಚು ಹಿಡಿಯಿತು. ಮೇಲೆ ಒಂದು ದೊಡ್ಡ ಎಸಳು, ಪಕ್ಕಕ್ಕೆ ಎರಡು ರೆಕ್ಕೆ, ಕೆಳಗೆ ದೋಣಿಯಂತೆ ಕೂಡಿಕೊಂಡ ಇನ್ನೆರಡು, ದೋಣಿಯೊಳಗೆ ಹತ್ತು ಕೇಸರ. ಅಲಸಂದಿ, ಹೆಸರು, ಮಡಿಕೆ, ಹುರುಳಿ, ಯಾವುದನ್ನು ನೋಡಿದರೂ ಒಂದು ತೊಟ್ಟಿಗೆ ಮೂರೇ ಎಲೆ. ಒಂದೇ ಮನೆತನದವರನ್ನು ಇಷ್ಟು ವರ್ಷ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಉಂಡಿದ್ದೆವು.

ಹೋಲಿಸಿ ನೋಡಲು ಬಳಗದ ಹೊರಗಿನದೂ ಒಂದಿರಲಿ ಎಂದಿದ್ದರು ಮೇಷ್ಟ್ರು. ಬಬಲೇಶ್ವರದಲ್ಲಿ ಸೋದರಮಾವನ ಹೊಲದ ಬೇಲಿಯಲ್ಲಿ ನನಗೆ ಗುಲಗಂಜಿ ಸಿಕ್ಕಿತು. ಹುಣಸೆಯಂತೆ ಸಾಲುಸಾಲು ಎಲೆ, ಹೂವಿನಲ್ಲಿ ಒಂಬತ್ತೇ ಕೇಸರ. ಇದನ್ನು ಯಾವ ಬಳಗಕ್ಕೆ ಸೇರಿಸಬೇಕೆಂದು ಪುಸ್ತಕಗಳಲ್ಲೇ ಜಗಳವಿತ್ತು. ಅಕ್ಕಸಾಲಿಗರ ತಕ್ಕಡಿಯ ಕೆಂಪು ಗುಲಗಂಜಿ ಎಲ್ಲರಿಗೂ ಗೊತ್ತು. ನನಗೆ ಸಿಕ್ಕಿದ್ದು ಅಪರೂಪದ ಬಿಳಿಯದು. ವಿಷ ಮಾತ್ರ ಅದೇ.

ಜಾತಿಗೆ ಇಪ್ಪತ್ತರಂತೆ ಬೀಜ ಎಣಿಸಿ ಕಾಗದದ ಪೊಟ್ಟಣ ಕಟ್ಟಿದೆ. ಮೇಲೆ ಲ್ಯಾಟಿನ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ದುಂಡಗೆ ಬರೆದೆ. ಕನ್ನಡದಲ್ಲಿ ಒಂದಕ್ಷರವಿಲ್ಲ. ಕಾಲೇಜಿನ ಕಾಳಿಗೂ ಸಂತೆಯ ಕಾಳಿಗೂ ವ್ಯತ್ಯಾಸ ಬೇಡವೇ? ಅಷ್ಟು ಜಂಬ ನನಗೆ. ಪೊಟ್ಟಣಗಳನ್ನೆಲ್ಲ ಬಿಸ್ಕೀಟಿನ ಡಬ್ಬಿಗೆ ತುಂಬಿ ಅಡುಗೆಮನೆಯ ಹಲಗೆಯ ಮೇಲಿಟ್ಟೆ.

ಅಕ್ಕ ಆಗ ಎರಡನೇ ಬಾಣಂತನಕ್ಕೆ ಬಂದಿದ್ದಳು, ಮೂರು ವರ್ಷದ ಹಿರಿಮಗಳನ್ನು ಕರೆದುಕೊಂಡು. ಅವ್ವ ಇಲ್ಲದ ನಮ್ಮನ್ನು ಸಾಕಿದವಳು ಅಪ್ಪನ ಅಕ್ಕ, ನಮ್ಮ ಅತ್ತಿ. ಅವಳು ಓದಿದ್ದು ಮೂರನೇ ಇಯತ್ತೆ. ಪಂಚಾಂಗದ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳಿಗೆ ಐದು ಕಾಳಿನ ಗುಗ್ಗರಿಯೇ ಆಗಬೇಕು. ನಾಲ್ಕಾದರೆ ನಡೆಯದು. ಬೆಂದ ಮೇಲೆ ಮೊದಲು ದೇವರಿಗೆ, ತೊಟ್ಟಿಲಿಗೆ, ಆಮೇಲೆ ಮಂದಿಗೆ.

ಆ ದಿನ ಮಧ್ಯಾಹ್ನ ನಾನು ಕಾಲೇಜಿನಿಂದ ಬಂದಾಗ ಗುಗ್ಗರಿಯ ಪಾತೇಲಿ ಒಲೆಯಿಂದ ಇಳಿದಿತ್ತು. ಪಕ್ಕದಲ್ಲಿ ನನ್ನ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು.

"ಅಲಸಂದಿಗಿ ನುಸಿ ಹತ್ತಿತ್ತು ಯವ್ವಾ, ಒಂದು ಕಾಳು ಕಡಿಮಿ ಬಿತ್ತು," ಎಂದಳು ಅತ್ತಿ. "ನಿನ್ನ ಡಬ್ಬ್ಯಾಗ ಬೆಳ್ಳನ್ನ ಕಾಳಿದ್ದುವು, ಹಾಕೇನಿ. ನಾಳಿ ಸಂತ್ಯಾಗ ಬ್ಯಾರೇವು ತಂದು ಕೊಡ್ತೀನಿ, ಸಿಟ್ಟಾಗಬ್ಯಾಡ."

ಪೊಟ್ಟಣಗಳನ್ನು ಕೆದರಿದೆ. ಎಲ್ಲವೂ ಇದ್ದವು, ಗುಲಗಂಜಿಯದೊಂದು ಇರಲಿಲ್ಲ.

"ಯಾರ್ಯಾರು ತಿಂದಾರ ಬೇ?"

"ಯಾರೂ ಇಲ್ಲ. ಈ ಹುಡುಗಿ ಒಂದೇ ಸವನ ಅಳಾಕತ್ತಿತ್ತು, ಅದಕ್ಕೊಂದು ಬಟ್ಟಲ ಕೊಟ್ಟೇನಿ."

ಅಕ್ಕನ ಮಗಳು ಹೊಸ್ತಿಲ ಮೇಲೆ ಕೂತು ಖಾಲಿ ಬಟ್ಟಲು ನೆಕ್ಕುತ್ತಿತ್ತು.

ವಿಷ ಎಂಬ ಮಾತು ಕೇಳಿದ್ದೇ ಅತ್ತಿ ಮಗುವಿನ ಕೈಯಿಂದ ಬಟ್ಟಲು ಕಿತ್ತುಕೊಂಡಳು. ಪಾತೇಲಿಯನ್ನೂ ದೇವರ ಮುಂದಿನ ಎಡೆಯನ್ನೂ ಅಗಲವಾದ ಪರಾತಕ್ಕೆ ಸುರಿದೆವು. ಗುಲಗಂಜಿಯ ಸಿಪ್ಪೆ ಗಟ್ಟಿ, ಕುದಿಸಿದರೂ ಮೆತ್ತಗಾಗದು. ಒಂದೊಂದೇ ಬಿಳಿ ಕಾಳನ್ನು ಹೆಕ್ಕಿ, ಒತ್ತಿ, ಪಕ್ಕಕ್ಕಿಟ್ಟೆವು. ಹತ್ತೊಂಬತ್ತು. ಮತ್ತೆ ಕೆದರಿದೆವು, ಮತ್ತೆ ಎಣಿಸಿದೆವು. ಹತ್ತೊಂಬತ್ತೇ. ಇಪ್ಪತ್ತನೆಯದು ಎಲ್ಲೂ ಇರಲಿಲ್ಲ.

ಅಪ್ಪ ಸೈಕಲ್ ಹತ್ತಿ ಸೊಲ್ಲಾಪುರ ರಸ್ತೆಯಿಂದ ಡಾಕ್ಟರನ್ನು ಕರೆತಂದರು. ಅವರು ಮಗುವಿನ ಹೊಟ್ಟೆ ಒತ್ತಿದರು, ನಾಲಗೆ ನೋಡಿದರು. "ಇಡಿಯಾಗಿ ನುಂಗಿದ್ರ ಹಂಗ ಹೊರಗ ಹೋಗ್ತದ. ಹಲ್ಲಿಲೆ ಒಡದು ನುಂಗಿದ್ರ ಕಷ್ಟ. ವಾಂತಿ ಶುರು ಆಗಾಕ ಒಂದು ದಿನಾನೂ ಹಿಡೀಬಹುದು. ಕಣ್ಣಾಗ ಕಣ್ಣಿಟ್ಟು ನೋಡ್ರಿ, ಏನರೆ ಕಂಡ್ರ ಓಡಿ ದವಾಖಾನಿಗಿ ಬರ್ರಿ," ಎಂದು ಹೋದರು.

ಬಾಣಂತಿ ಅಕ್ಕನಿಗೆ ಯಾರೂ ಹೇಳಲಿಲ್ಲ. ನಾನು ಮಗುವಿನ ಬೆನ್ನು ಬಿಡಲಿಲ್ಲ. ಅದು ಕೆಮ್ಮಿದರೆ ಬಾಯಿ ತೆರೆಸಿ ನೋಡುತ್ತಿದ್ದೆ, ಆಕಳಿಸಿದರೆ ಹಣೆ ಮುಟ್ಟುತ್ತಿದ್ದೆ. ಕಿಡಿಗೇಡಿ ಹುಡುಗಿ, ಯಾವತ್ತೂ ಮಧ್ಯಾಹ್ನ ಮಲಗದ್ದು ಅವತ್ತು ನನ್ನ ತೊಡೆಯ ಮೇಲೆ ಮಲಗಿಬಿಟ್ಟಿತು. ಉಸಿರು ಆಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂತೆ. ಬಾಯಿ ಅರೆತೆರೆದಿತ್ತು, ಪುಟ್ಟ ಹಲ್ಲುಗಳು ಕಾಣುತ್ತಿದ್ದವು. ಆ ಹಲ್ಲಿಗೆ ಗುಲಗಂಜಿ ಒಡೆಯುವಷ್ಟು ಬಲ ಇದೆಯೇ? ಮೂರೆಲೆ, ಹತ್ತು ಕೇಸರ ಎಲ್ಲ ಬಾಯಿಪಾಠವಾಗಿದ್ದ ನನಗೆ ಇದೊಂದು ಗೊತ್ತಿರಲಿಲ್ಲ.

ಸಂಜೆ ಓಣಿಯ ಹೆಂಗಸರು ಬಂದರು. ಐದು ಕಾಳಿನ ಗುಗ್ಗರಿ ತಿಪ್ಪೆಯ ಪಕ್ಕದ ಗುಂಡಿ ಸೇರಿತ್ತು. ಅತ್ತಿ ಹುಟ್ಟಿದಾಗಿನಿಂದ ಮೊದಲ ಸಲ ಬರೀ ಕಡಲೆ ಕುದಿಸಿದ್ದಳು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಹಗ್ಗ ಹಿಡಿದವಳು ಹಾಗೇ ನಿಂತುಬಿಟ್ಟಳು. ಹಗ್ಗದಲ್ಲಿ ಹಳದಿ ಬಟ್ಟೆಯ ಸಣ್ಣ ಗಂಟಿತ್ತು. ಪಾತೇಲಿ ಇಳಿಸಿದ ಕೂಡಲೇ ಐದು ಜಾತಿಯ ಒಂದೊಂದು ಕಾಳನ್ನು ತಾನೇ ಕಟ್ಟಿದ್ದಳು. ಅಂಜಿಕೆಯಲ್ಲಿ ಅವಳಿಗೆ ಅದು ನೆನಪೇ ಆಗಿರಲಿಲ್ಲ.

ಗಂಟು ಕಿತ್ತುಕೊಂಡು ಒಳಗೆ ಓಡಿದೆವು. ನಾಲ್ಕು ಕಾಳು ಬೆರಳಿಗೆ ಮೆತ್ತಗೆ ಒಡೆದವು. ಐದನೆಯದು ಒಡೆಯಲಿಲ್ಲ. ಬೆಳ್ಳಗೆ, ಕಲ್ಲಿನ ಹಾಗೆ ಗಟ್ಟಿ. ಇಪ್ಪತ್ತು. ನಾನು ಗೋಡೆಗೆ ಒರಗಿ ಗೊಳೋ ಎಂದು ಅತ್ತೆ.

ಅತ್ತಿ ಅಳಲಿಲ್ಲ. ಆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ದೀಪಕ್ಕೆ ಹಿಡಿದು ನೋಡಿದಳು.

"ಏನಂತಾರ ಇದಕ್ಕ?"

"ಗುಲಗಂಜಿ. ಬಿಳೀದು."

"ಗುಲಗಂಜಿ ಅಂತ ನಮ್ಮ ಅಕ್ಷರದಾಗ ಬರ್ದಿದ್ರ," ಎಂದಳು ಅತ್ತಿ, ಸಿಟ್ಟಿಲ್ಲದೆ, "ನಾ ಓದ್ತಿದ್ನಲ್ಲ ಯವ್ವಾ."