ಗಾಳಿ ಉದುರಿಸಿದ ಎಳನೀರು

ಬೆಳಿಗ್ಗೆ ಅಮ್ಮನಿಗೆ ಚಾಪೆಯಿಂದ ಏಳಲಾಗಲಿಲ್ಲ. "ಕಾಲು ನನ್ನದಲ್ಲ ಅಂತ ಆಗ್ತದೆ ಮಾರಾಯ್ತಿ" ಅಂದರು. ನಾಡಿ ಹಿಡಿದೆ. ಒಂದು ಬಡಿತ. ಕಾದೆ. ಇನ್ನೊಂದು.

ಕಾರಣ ನನಗೆ ಗೊತ್ತಿತ್ತು.

ಅಮ್ಮನ ಎರಡೂ ಕಿಡ್ನಿ ಹೋಗಿ ಎರಡು ವರ್ಷ. ಆಲಂಕಾರಿನ ನಮ್ಮ ಮನೆಯಿಂದ ಪುತ್ತೂರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಬೇಕು. ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅಳೆದು ಕೊಡುವವಳು ನಾನು. ಬೀಡಿ ಕಟ್ಟಿ ಅವರು ನನಗೆ ಬಿಎಸ್ಸಿ ಓದಿಸಿದ್ದರು. ನಮ್ಮ ಕುಟುಂಬದಲ್ಲಿ ಕಾಲೇಜು ಮುಗಿಸಿದವಳು ನಾನೊಬ್ಬಳೇ. ಎಳನೀರಿನ ಪೊಟ್ಯಾಸಿಯಂ ಇಂಥವರ ಹೃದಯವನ್ನೇ ನಿಲ್ಲಿಸಬಹುದು ಎಂದು ಇಡೀ ವಾರ್ಡಿಗೆ ಪಾಠ ಮಾಡಿದವಳೂ ನಾನೇ. "ಇವಳು ಡಿಗ್ರಿ ಮಾಡಿದ್ದು ನನಗೆ ನೀರು ಅಳೀಲಿಕ್ಕೆ" ಎಂದು ಅಮ್ಮ ನರ್ಸುಗಳ ಹತ್ತಿರ ಹೇಳಿ ನಗುತ್ತಿದ್ದರು.

ಆ ಬೆಳಿಗ್ಗೆಗೆ ಎರಡು ರಾತ್ರಿ ಮೊದಲು ಸುಂಟರಗಾಳಿ ಬಂದಿತ್ತು. ಅಡುಗೆಮನೆಯ ಶೀಟು ಹಾರಿತು. ನಾವಿಬ್ಬರೂ ಮಂಚದ ಅಡಿಗೆ ಹೊಕ್ಕೆವು. ಐದು ನಿಮಿಷವೂ ಇರಲಿಲ್ಲ. ಬೆಳಗಾದಾಗ ರಸ್ತೆಯೇ ಕಾಣಲಿಲ್ಲ, ಬರೀ ಮರ, ಕಂಬ, ವಯರು. ಫೋನಿಗೆ ಟವರ್ ಇಲ್ಲ.

ಅಂದೇ ಡಯಾಲಿಸಿಸ್ ಇತ್ತು.

ಅಂಗಳಕ್ಕೆ ಅಡ್ಡ ಬಿದ್ದ ತೆಂಗಿನಮರದ ಎಳನೀರಿನ ಗೊನೆ ಹೊಸ್ತಿಲ ಹತ್ತಿರವೇ ಇತ್ತು. ಸಂಜೆಯವರೆಗೂ ಅಮ್ಮ ಅದನ್ನೇ ನೋಡುತ್ತ ಕುಳಿತರು.

"ಒಂದು ಬೊಂಡ ಕೆತ್ತಿ ಕೊಡು."

"ಆಗುದಿಲ್ಲಮ್ಮ."

"ರಸ್ತೆ ಯಾವಾಗ ಆಗ್ತದೋ ಎಂತದೋ. ಬಾಯಾರಿ ಸಾಯುದಕ್ಕಿಂತ ಕುಡ್ದು ಸಾಯ್ತೇನೆ. ನಿನಗೆ ಕರುಳು ಉಂಟಾ ಇಲ್ವಾ?"

ಕೆತ್ತಿದೆ. ಅಳತೆಯ ಲೋಟಕ್ಕೇ ಬಗ್ಗಿಸಿ, ಆ ದಿನದ ನೀರಿನ ಪಾಲಿನಲ್ಲಿ ಅಷ್ಟು ಕಳೆದು, ಅಳತೆ ಮೀರಲಿಲ್ಲವಲ್ಲ ಎಂದು ಸಮಾಧಾನಪಟ್ಟೆ. ಪೊಟ್ಯಾಸಿಯಂ ಮರೆತಿರಲಿಲ್ಲ. ನೆನಪು ಮಾಡಿಕೊಳ್ಳಲಿಲ್ಲ, ಅಷ್ಟೇ. ಎರಡನೇ ಲೋಟವನ್ನೂ ಕೊಟ್ಟೆ.

ಅಮ್ಮನಿಗೆ ಏಳಲಾಗದ ಆ ಬೆಳಿಗ್ಗೆ ನೆರೆಮನೆಯ ಹಮೀದಣ್ಣ ತಮ್ಮ ಪಿಕಪ್ ತಂದರು. ದಾರಿಯಲ್ಲಿ ಇನ್ನೂ ಬಿದ್ದಿದ್ದ ಮರಗಳನ್ನು ಇಳಿದಿಳಿದು ಮಿಷನಿನಲ್ಲಿ ಕೊಯ್ದರು. "ಮಾತಾಡಿಸ್ತಾ ಇರು. ನಿದ್ದೆ ಮಾಡ್ಲಿಕ್ಕೆ ಬಿಡ್ಬೇಡ" ಅಂದರು.

ಇಸಿಜಿ ನೋಡಿದ ಡಾಕ್ಟರ್ ಓಡಿ ಹೋಗಿ ಇಂಜೆಕ್ಷನ್ ತಂದರು. "ಎಂತ ಕೊಟ್ಟಿದ್ದೀರಿ ಇವರಿಗೆ?"

ನಾನು ಅಮ್ಮನ ಮುಖ ನೋಡಿದೆ.

ಅಮ್ಮ ಕಣ್ಣು ತೆರೆಯದೆಯೇ ಹೇಳಿದರು. "ಅವಳಿಗೆ ಗೊತ್ತಿಲ್ಲ ಡಾಕ್ಟ್ರೆ. ನಾನೇ ಕದ್ದು ಬೊಂಡ ಕುಡ್ದದ್ದು."

"ಓದಿದ ಮಗಳು ಇಷ್ಟು ನೋಡಿಕೊಳ್ಳುವಾಗ ನಿಮಗೆ ಬುದ್ಧಿ ಬೇಡ್ವಾ?"

ಅಮ್ಮ ಬೈಸಿಕೊಂಡರು. ನಾನು ನಿಂತು ಕೇಳಿದೆ.

ಒಂದು ವಾರ ಐಸಿಯು. ಅಮ್ಮ ಉಳಿದರು. ಈಗ ನಡೆಯಲು ಗೋಡೆ ಬೇಕು. ಡಯಾಲಿಸಿಸ್‌ಗೆ ಹೋದಾಗಲೆಲ್ಲ ನರ್ಸುಗಳು "ಬೊಂಡ ಕಳ್ಳಿ ಬಂದ್ರು" ಅನ್ನುತ್ತಾರೆ. ಅಮ್ಮ ನಗುತ್ತಾರೆ. ನಾನು ತಲೆ ತಗ್ಗಿಸುತ್ತೇನೆ.

ಕಳೆದ ವಾರ, ಡಾಕ್ಟರಿಗೆ ಹೇಳಿಬಿಡುತ್ತೇನೆ ಅಂದೆ.

"ಸುಮ್ಮನಿರು. ನಾನು ಕಳ್ಳಿ ಆದ್ರೆ ಎಂತ ಹೋಗ್ತದೆ? ನೀನು ಓದಿದವಳು" ಅಂದರು. ಗೋಡೆ ಹಿಡಿದು ಏಳುತ್ತ, "ಒಳ್ಳೆ ಸಿಹಿ ಇತ್ತು ಅದು" ಅಂದರು.

ಅಮ್ಮನಿಗೆ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕೆತ್ತಿ ಕೊಟ್ಟವಳು ನಾನು.